ಕಲಬುರಗಿಯಿಂದ ಕೋಮಿಕ್‌ಗೆ ಗುಂಪು ಕಟ್ಟಿಕೊಂಡು ಹೋಗುವವರಿಗೆ

ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯಲ್ಲಿ ಕೋಮಿಕ್ ಅಂತ ಒಂದು ಸಣ್ಣ ಊರಿದೆ. ಎತ್ತರ 4,587 ಮೀಟರ್. ಗಾಡಿ ಊರೊಳಗಿನ ತನಕ ಹೋಗುತ್ತದೆ. ನಮ್ಮ ಕಲಬುರಗಿ ಇರುವುದು ಸುಮಾರು 450 ಮೀಟರ್ ಎತ್ತರದಲ್ಲಿ. ಬೀದರ್ ಕೋಟೆ ಮೇಲೆ ನಿಂತರೆ ತಂಪು ಗಾಳಿ ಬೀಸುತ್ತದೆ, ಎತ್ತರದಲ್ಲಿದ್ದೇವೆ ಅನಿಸುತ್ತದೆ, ಆದರೆ ಬೀದರ್ ಕೂಡ 700 ಮೀಟರ್ ಆಸುಪಾಸು ಅಷ್ಟೇ. ಅಂದರೆ ನಾವು ಹುಟ್ಟಿ ಬೆಳೆದ ಜಾಗದ ಹತ್ತು ಪಟ್ಟು ಎತ್ತರಕ್ಕೆ ಹೊರಟಿದ್ದೇವೆ. ಈ ಲೆಕ್ಕ ಮೊದಲು ತಲೆಯಲ್ಲಿ ಕೂರಬೇಕು.

ನಮ್ಮ ಮನೆಯವರು, ದೋಸ್ತರು ಸೇರಿ ಎರಡು ಸಲ ಹೋಗಿದ್ದೇವೆ. ಮೊದಲ ಸಲ ಅವಸರ ಮಾಡಿ ಕೆಟ್ಟೆವು. ಎರಡನೇ ಸಲ ಅದೇ ಮಂದಿ, ಅದೇ ಊರು, ಆದರೆ ನಿಧಾನವಾಗಿ ಹತ್ತಿದೆವು, ಎಲ್ಲರೂ ನಗುತ್ತಾ ಮೇಲೆ ಹೋಗಿ ನಗುತ್ತಾ ಬಂದೆವು. ಆ ಎರಡೂ ಪ್ರವಾಸದಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಗುಂಪಿನಲ್ಲಿ ಎಲ್ಲರಿಗಿಂತ ತ್ರಾಸು ಪಡುವ ಒಬ್ಬರು ಇದ್ದೇ ಇರುತ್ತಾರೆ. ಇಡೀ ಪ್ಲಾನ್ ಆ ಒಬ್ಬರ ಲೆಕ್ಕದಲ್ಲಿ ಮಾಡಿ. ಅವರು ಯಾರು ಅಂತ ಹೊರಡುವಾಗ ಗೊತ್ತಾಗುವುದಿಲ್ಲ, ಅದೇ ಕಷ್ಟ.

ಮೊದಲ ಸಲ ಏನಾಯಿತು

ರೈಲಿನಲ್ಲಿ ದಿಲ್ಲಿ, ದಿಲ್ಲಿಯಿಂದ ರಾತ್ರಿ ಬಸ್ಸಿನಲ್ಲಿ ಮನಾಲಿ, ಒಂದು ರಾತ್ರಿ ಅಲ್ಲಿ ಮಲಗಿ ಮರುದಿನ ನಸುಕಿನಲ್ಲೇ ಸ್ಪಿತಿಯ ಮುಖ್ಯ ಊರಾದ ಕಾಜಾ ಕಡೆ ಹೊರಟೆವು. ಮನಾಲಿ ಎತ್ತರ ಸುಮಾರು 2,000 ಮೀಟರ್. ದಾರಿಯಲ್ಲಿ ಕುಂಜುಮ್ ಪಾಸ್ 4,500 ಮೀಟರ್ ಮೇಲೆ. ಒಂದೇ ದಿನದಲ್ಲಿ ಅಷ್ಟು ಏರಿ, ಸಂಜೆ 3,700 ಮೀಟರ್ ಆಸುಪಾಸಿನ ಕಾಜಾಕ್ಕೆ ಬಂದು ಇಳಿದೆವು. ಪಾಸ್ ಮೇಲೆ ಎಲ್ಲರೂ ಕುಣಿದರು, ಫೋಟೋ ತೆಗೆಸಿಕೊಂಡರು. ಪಾಸ್ ಇಳಿದು ಲೋಸರ್ ಅನ್ನುವ ಊರು ಬರುವಷ್ಟರಲ್ಲಿ ಗಾಡಿ ತುಂಬ ಮೌನ. ಯಾರಿಗೂ ಊಟ ಬೇಡ. ವೈನಿ ಕಿಟಕಿಯಿಂದ ಹೊರಗೆ ವಾಂತಿ ಮಾಡಿದರು.

ಆದರೆ ನಮ್ಮ ಕಣ್ಣು ತಪ್ಪಿದ್ದು ಭಾವನ ಮೇಲೆ. ಭಾವ ದಿನಾ ಬೆಳಿಗ್ಗೆ ಓಡುವ ಮನುಷ್ಯ, ಯಾದಗಿರಿ ಕೋಟೆ ಗುಡ್ಡವನ್ನು ನಿಲ್ಲದೆ ಹತ್ತುವವರು. ಅವರಿಗೆ ಏನೂ ಆಗುವುದಿಲ್ಲ ಅಂತ ಎಲ್ಲರೂ ಅಂದುಕೊಂಡಿದ್ದೆವು. ರಾತ್ರಿ ಒಂಬತ್ತರ ಸುಮಾರಿಗೆ ನೋಡಿದರೆ ರೂಮಿನ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾರೆ. ಒಂದು ಕೈ ಹಣೆ ಮೇಲೆ, ಇನ್ನೊಂದು ಕೈಯಲ್ಲಿ ಬೂಟಿನ ದಾರ. ಬಿಚ್ಚಲು ಹೋಗಿ ಅರ್ಧಕ್ಕೇ ಬಿಟ್ಟು ಸುಮ್ನೆ ಕೂತಿದ್ದಾರೆ. ನಾನು ಕೇಳಿದೆ, "ಭಾವ, ಏನಾಯ್ತು?" ಅವರು ಅಂದರು, "ಮಧ್ಯಾಹ್ನದಿಂದ ತಲಿ ಸಿಡಿಲಾಕತ್ತದ. ಎಲ್ಲಾರೂ ಖುಷಿಲೇ ಅದಾರಂತ ಹೇಳಲಿಲ್ಲ."

ಹೇಳಲಿಲ್ಲ! ಆರು ತಾಸು ಆ ಮನುಷ್ಯ ತಲೆನೋವು ನುಂಗಿಕೊಂಡು ನಮ್ಮ ಫೋಟೋ ತೆಗೆಯುತ್ತಿದ್ದರು. ನಾವು ಇಳಿದಿದ್ದ ಮನೆಯ ಯಜಮಾನ ಪಕ್ಕದಲ್ಲೇ ಇದ್ದರು. ನೆಲದ ಮೇಲಿದ್ದ ಕಂಬಳಿಯ ಅಂಚು ತೋರಿಸಿ, ಹಿಮ್ಮಡಿಗೆ ಬೆರಳು ಹಚ್ಚಿ ನೇರವಾಗಿ ನಡೆಯಿರಿ ಅಂತ ಭಾವನಿಗೆ ಹೇಳಿದರು. ಭಾವ ನಡೆದರು, ತೂಗಾಡಲಿಲ್ಲ. ಯಜಮಾನರ ಮುಖ ಹಗುರಾಯಿತು. ಆಮೇಲೆ ಅವರು ಯಾಕೆ ಅಂತ ತಿಳಿಸಿ ಹೇಳಿದರು. ಎತ್ತರದಲ್ಲಿ ತಲೆನೋವು, ವಾಕರಿಕೆ, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಇವು ಬಹಳ ಜನರಿಗೆ ಆಗುತ್ತವೆ. ಅಲ್ಲೇ ನಿಂತು ವಿಶ್ರಾಂತಿ ತಗೊಂಡರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಹೋಗುತ್ತವೆ. ಆದರೆ ಕುಡಿದವರಂತೆ ತೂಗಾಡುತ್ತಾ ನಡೆಯುವುದು, ಮಾತು ತೊದಲುವುದು, ಎಲ್ಲಿದ್ದೇನೆ ಅಂತ ತಿಳಿಯದಿರುವುದು ಅಂದರೆ ಮೆದುಳಿಗೆ ನೀರು ಏರುತ್ತಿದೆ ಅಂತ ಅರ್ಥ. ಸುಮ್ನೆ ಕೂತಾಗಲೂ ಉಸಿರು ಕಟ್ಟುವುದು, ಒಂದೇ ಸಮ ಕೆಮ್ಮು, ತುಟಿ ನೀಲಿ ಆಗುವುದು ಅಂದರೆ ಪುಪ್ಪುಸಕ್ಕೆ ನೀರು. ಇವೆರಡರಲ್ಲಿ ಯಾವುದು ಕಂಡರೂ ಬೆಳಗಾಗುವ ತನಕ ಕಾಯುವ ಹಾಗಿಲ್ಲ. ಆಗಲೇ ಆಸ್ಪತ್ರೆಗೆ ಒಯ್ಯಬೇಕು, ಕೆಳಗೆ ಇಳಿಸಬೇಕು. ಕಾಜಾದಲ್ಲಿ ಸರಕಾರಿ ಆಸ್ಪತ್ರೆ ಇದೆ.

ಮರುದಿನ ಕೋಮಿಕ್ ಬಿಟ್ಟು, ಕೆಳಗಿರುವ ತಾಬೋ ಕಡೆ ಗಾಡಿ ತಿರುಗಿಸಿದೆವು. ತಾಬೋ 3,280 ಮೀಟರ್. ಬರೀ ನಾಲ್ಕು ನೂರು ಮೀಟರ್ ಇಳಿದಿದ್ದಕ್ಕೇ ಮಧ್ಯಾಹ್ನದ ಹೊತ್ತಿಗೆ ಭಾವ ಅನ್ನ ಕೇಳಿ ಬಡಿಸಿಕೊಂಡರು. ಆ ಸಲ ನಾವು ಕೋಮಿಕ್ ನೋಡಲೇ ಇಲ್ಲ.

ಊರಲ್ಲೇ ಕೂತು ಮಾಡಬೇಕಾದ ಮಾತು

ಎರಡನೇ ಸಲ ಹೊರಡುವ ತಿಂಗಳು ಮೊದಲು ಎಲ್ಲರನ್ನೂ ನಮ್ಮ ಮನೆಯಲ್ಲಿ ಕೂಡಿಸಿದೆವು. ಸೂಸಲಾ, ಮಿರ್ಚಿ ಭಜಿ, ಚಹಾ ಎಲ್ಲಾ ಆಯಿತು, ಆಮೇಲೆ ಮೂರು ಮಾತು ಒಪ್ಪಿಕೊಂಡೆವು. ನೀವೂ ಇದನ್ನು ಊರಲ್ಲೇ ಮಾಡಿ, ಅಲ್ಲಿ ಹೋದ ಮೇಲೆ ಯಾರಿಗೂ ತಾಳ್ಮೆ ಇರುವುದಿಲ್ಲ. ಮೊದಲನೆಯದು, ತಲೆ ನೋಯುತ್ತಿದ್ದರೆ ಹೇಳಲೇಬೇಕು. ದಿನಾ ಸಂಜೆ ಒಬ್ಬರು ಎಲ್ಲರನ್ನೂ ಹೆಸರು ಹಿಡಿದು ಕೇಳಬೇಕು, ತಲೆ ಹೇಗಿದೆ, ಊಟ ಸೇರಿತಾ, ನಿನ್ನೆ ನಿದ್ದೆ ಬಂತಾ. ನಮ್ಮಲ್ಲಿ ಆ ಕೆಲಸ ವೈನಿಗೆ ಕೊಟ್ಟೆವು, ಅವರಿಗೆ ಯಾರೂ ಸುಳ್ಳು ಹೇಳುವುದಿಲ್ಲ. ಎರಡನೆಯದು, ಒಬ್ಬರಿಗೆ ಆಗದಿದ್ದರೆ ಅವತ್ತು ಗುಂಪು ಮೇಲೆ ಹೋಗುವುದಿಲ್ಲ, ಇಲ್ಲವೇ ಇಬ್ಬರು ಅವರ ಜೊತೆ ಕೆಳಗೆ ಉಳಿಯುತ್ತಾರೆ. ಒಬ್ಬರನ್ನೇ ರೂಮಿನಲ್ಲಿ ಬಿಟ್ಟು ಹೋಗಬಾರದು. ಮೂರನೆಯದು, ಇಳಿಯೋಣ ಅಂತ ನಿರ್ಧಾರ ಆದರೆ ಯಾರೂ ಅದಕ್ಕೆ ಎದುರು ಮಾತಾಡಬಾರದು, ಊರಿಗೆ ಬಂದ ಮೇಲೂ "ಇವನಿಂದ ಹಾಳಾಯ್ತು" ಅನ್ನಬಾರದು. ಈ ಮೂರನೇ ಮಾತೇ ಮುಖ್ಯ. ಭಾವ ಸುಮ್ನೆ ಇದ್ದದ್ದು ಆ ಅಂಜಿಕೆಯಿಂದಲೇ ಅಲ್ವಾ?

ಬಿಪಿ, ಶುಗರ್, ಅಸ್ತಮಾ, ಹೃದಯದ ತೊಂದರೆ ಇರುವವರು, ಬಸುರಿ ಹೆಣ್ಣುಮಕ್ಕಳು ಡಾಕ್ಟರನ್ನು ಕೇಳದೆ ಹೊರಡಬಾರದು. ಉಳಿದವರೂ ಒಂದು ಸಲ ತೋರಿಸಿಕೊಳ್ಳಿ. ಎತ್ತರದ ತ್ರಾಸು ಬರದಂತೆ ಅಸಿಟಜೋಲಮೈಡ್ ಅನ್ನುವ ಮಾತ್ರೆ ಇದೆ, ಡಯಮಾಕ್ಸ್ ಅಂತ ಎಲ್ಲರಿಗೂ ಗೊತ್ತಿರುವುದು ಅದೇ. ಏರುವ ಒಂದು ದಿನ ಮೊದಲೇ ಶುರು ಮಾಡುತ್ತಾರೆ. ಸಲ್ಫಾ ಅಲರ್ಜಿ ಇದ್ದವರಿಗೆ ಆಗದಿರಬಹುದು, ಅದಕ್ಕೇ ಅಂಗಡಿಯಲ್ಲಿ ಕೇಳಿ ತಗೊಳ್ಳಬೇಡಿ, ಡಾಕ್ಟರು ಬರೆದುಕೊಟ್ಟರೆ ಮಾತ್ರ ತಗೊಳ್ಳಿ. ಇನ್ಸುಲಿನ್ ತಗೊಳ್ಳುವವರು ಇನ್ನೊಂದು ನೆನಪಿಡಿ. ಇಲ್ಲಿ ನಾವು ಅದನ್ನು ಬಿಸಿಲಿನಿಂದ ಕಾಪಾಡುತ್ತೇವೆ, ಅಲ್ಲಿ ಚಳಿಗೆ ಹೆಪ್ಪುಗಟ್ಟದಂತೆ ಕಾಪಾಡಬೇಕು. ಒಮ್ಮೆ ಹೆಪ್ಪುಗಟ್ಟಿದ್ದು ಕೆಲಸಕ್ಕೆ ಬರುವುದಿಲ್ಲ. ನಮ್ಮ ಕಾಕಾ ರಾತ್ರಿ ಅದನ್ನು ಅರಿವೆಯಲ್ಲಿ ಸುತ್ತಿ ರಜಾಯಿ ಒಳಗೆ ಇಟ್ಟುಕೊಂಡು ಮಲಗುತ್ತಿದ್ದರು.

ಕೊರೊನಾ ಕಾಲದಲ್ಲಿ ತಂದ ಆಕ್ಸಿಮೀಟರ್ ಮನೆಯಲ್ಲಿ ಬಿದ್ದಿದ್ದರೆ ತಗೊಂಡು ಹೋಗಿ, ಆದರೆ ಅದನ್ನು ನೋಡಿ ಹೆದರಬೇಡಿ. ಇಲ್ಲಿ 97, 98 ತೋರಿಸುವುದು ಕಾಜಾದಲ್ಲಿ 85ರಿಂದ 90 ತೋರಿಸಿದರೆ ಅದು ಆ ಎತ್ತರಕ್ಕೆ ಸಹಜ. ಅಂಕಿಗಿಂತ ಮನುಷ್ಯನ ಮುಖ ನೋಡಿ, ನಡಿಗೆ ನೋಡಿ. ಸ್ಪ್ರೇ ಡಬ್ಬಿಯಂಥ ಸಣ್ಣ ಆಕ್ಸಿಜನ್ ಕ್ಯಾನ್ ಮಾರುತ್ತಾರೆ. ಅದು ಕೆಲವು ನಿಮಿಷಕ್ಕೆ ಆಗುತ್ತದೆ ಅಷ್ಟೆ, ಅದನ್ನು ನಂಬಿಕೊಂಡು ಮೇಲೆ ಹೋಗಬೇಡಿ.

ಯಾವಾಗ ಹೋಗಬೇಕು

ಇಲ್ಲಿ ನಮ್ಮ ರಜೆಗೂ ಅಲ್ಲಿನ ದಾರಿಗೂ ಹೊಂದುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಬೆಂಕಿ ಬಿಸಿಲು, ಮಕ್ಕಳಿಗೆ ಸೂಟಿ, ಆಗಲೇ ಹೋಗೋಣ ಅನಿಸುತ್ತದೆ. ಆದರೆ ಆಗ ಕುಂಜುಮ್ ಪಾಸ್ ಹಿಮದಲ್ಲಿ ಮುಚ್ಚಿರುತ್ತದೆ, ಸಾಮಾನ್ಯವಾಗಿ ಜೂನ್ ಹೊತ್ತಿಗೆ ತೆರೆಯುತ್ತದೆ. ಸಿಮ್ಲಾ, ಕಿನ್ನೌರ್ ಕಡೆಯ ದಾರಿಯಲ್ಲಿ ಹೋಗಿ ಅದೇ ದಾರಿಯಲ್ಲಿ ಬರಬೇಕು. ಜುಲೈ, ಆಗಸ್ಟ್‌ನಲ್ಲಿ ಸ್ಪಿತಿಯಲ್ಲಿ ಮಳೆ ಕಡಿಮೆ, ಅದು ಮಳೆನೆರಳಿನ ಜಾಗ, ಆದರೆ ಅಲ್ಲಿಗೆ ಹೋಗುವ ಕಿನ್ನೌರ್ ದಾರಿಯಲ್ಲಿ ಗುಡ್ಡ ಕುಸಿಯುತ್ತದೆ. ನನ್ನ ಕೇಳಿದರೆ ಸೆಪ್ಟೆಂಬರ್ ಒಳ್ಳೆಯದು. ಆಕಾಶ ತಿಳಿಯಾಗಿರುತ್ತದೆ, ನಾಲಾಗಳಲ್ಲಿ ನೀರು ಕಡಿಮೆ ಆಗಿರುತ್ತದೆ. ಮಕ್ಕಳಿದ್ದರೆ ದಸರಾ ಸೂಟಿಯ ಮೊದಲ ದಿನಗಳಲ್ಲೇ ಹೊರಡಿ, ಅಕ್ಟೋಬರ್ ಮುಂದೆ ಹೋದಂತೆ ಹಿಮ ಯಾವಾಗ ಬೀಳುತ್ತದೆ ಹೇಳಲಾಗದು.

ಕ್ರೂಸರ್ ಇಲ್ಲಿಂದಲೇ ಒಯ್ಯಬೇಕಾ?

ಇದು ಎಲ್ಲರೂ ಕೇಳುವ ಪ್ರಶ್ನೆ. ಗಾಣಗಾಪುರ, ತುಳಜಾಪುರ, ಪಂಢರಪುರ ಎಲ್ಲದಕ್ಕೂ ನಾವು ಕ್ರೂಸರ್ ಮಾಡಿಕೊಂಡು ಹೋಗುವವರು, ಡ್ರೈವರ್ ಮನೆಯವರ ಹಾಗೆ ಇರುತ್ತಾನೆ, ಬುತ್ತಿ ಕಟ್ಟಿಕೊಂಡು ಹಾಡು ಹಾಕಿಕೊಂಡು ಹೋಗುವ ಸುಖ ಬೇರೆ. ಆದರೂ ಸ್ಪಿತಿಗೆ ಬೇಡ ಅನ್ನುತ್ತೇನೆ. ದಿಲ್ಲಿ ತನಕವೇ ಸಾವಿರದ ಆರು ನೂರು ಕಿಲೋಮೀಟರ್ ಹತ್ತಿರ ಆಗುತ್ತದೆ, ಹೋಗಿ ಬರಲು ಆರು ದಿನ ಬರೀ ಬಯಲಲ್ಲೇ ಕಳೆಯುತ್ತದೆ. ಆ ಆರು ದಿನವನ್ನು ಬೆಟ್ಟದಲ್ಲಿ ನಿಧಾನ ಹತ್ತಲು ಇಟ್ಟುಕೊಳ್ಳಿ. ಇನ್ನೊಂದು, ತುಳಜಾಪುರ ಘಾಟ್ ಹತ್ತಿದ ಅನುಭವ ಅಲ್ಲಿ ಸಾಲದು. ಒಂದು ಕಡೆ ಗೋಡೆಯಂಥ ಬಂಡೆ, ಇನ್ನೊಂದು ಕಡೆ ಕೆಳಗೆ ಸತ್ಲಜ್ ನದಿ, ಎದುರಿಗೆ ಲಾರಿ ಬಂದರೆ ಅರ್ಧ ಫರ್ಲಾಂಗ್ ರಿವರ್ಸ್ ಹೋಗಬೇಕು. ಅಲ್ಲಿನ ಡ್ರೈವರುಗಳಿಗೆ ಯಾವ ತಿರುವಿನಲ್ಲಿ ಕಲ್ಲು ಉದುರುತ್ತದೆ ಅನ್ನುವುದು ಬಾಯಿಪಾಠ.

ನಮ್ಮ ದಾರಿ ಹೀಗಿತ್ತು. ಕರ್ನಾಟಕ ಎಕ್ಸ್‌ಪ್ರೆಸ್ ಕಲಬುರಗಿ ಮೇಲೆ ಹಾದು ನೇರ ನವದೆಹಲಿಗೆ ಹೋಗುತ್ತದೆ, ಒಂದು ಹಗಲು ಒಂದು ರಾತ್ರಿ, ಮೇಲೆ ಸ್ವಲ್ಪ. ಯಾದಗಿರಿಯವರೂ ಅದನ್ನೇ ಹಿಡಿಯಬಹುದು. ಟಿಕೆಟ್ 60 ದಿನ ಮೊದಲು ತೆರೆಯುತ್ತದೆ, ಒಂದು ಟಿಕೆಟ್‌ನಲ್ಲಿ ಆರು ಜನರಿಗಷ್ಟೇ ಬುಕ್ ಆಗುತ್ತದೆ, ಹಾಗಾಗಿ ಒಂಬತ್ತು ಜನ ಇದ್ದರೆ ಇಬ್ಬರು ಒಂದೇ ಹೊತ್ತಿಗೆ ಕೂತು ಮಾಡಿ. ದಿಲ್ಲಿಯಿಂದ ಚಂಡೀಗಢ ರೈಲಿನಲ್ಲಿ. ಅಲ್ಲಿಂದ ಹಿಮಾಚಲ ನಂಬರಿನ ಟೆಂಪೋ ಟ್ರಾವೆಲರ್, ಹನ್ನೆರಡು ಸೀಟಿನದು. ಒಂಬತ್ತು ಜನಕ್ಕೆ ಹನ್ನೆರಡು ಸೀಟು ಯಾಕೆ ಅಂತ ಕಾಕಾ ತಕರಾರು ತೆಗೆದರು. ಆದರೆ ಹಿಂದಿನ ಸಾಲಿನಲ್ಲಿ ಕೂತವರನ್ನು ದಾರಿ ಎತ್ತಿ ಎತ್ತಿ ಒಗೆಯುತ್ತದೆ. ಅಲ್ಲಿ ಸಾಮಾನು ಇಟ್ಟು ಮನುಷ್ಯರನ್ನು ಮುಂದೆ ಕೂಡಿಸಿ. ವಾಂತಿ ಆಗುವವರಿಗೆ ಮುಂದಿನ ಸೀಟು, ಉಳಿದವರು ದಿನಕ್ಕೊಂದು ಸಲ ಜಾಗ ಬದಲಿಸಿ. ಗಾಡಿ ಮೇಲೆ ಏನಾದರೂ ಕಟ್ಟುವುದಿದ್ದರೆ ತಾಡಪತ್ರಿ ಊರಿಂದಲೇ ಒಯ್ಯಿರಿ.

ಗಾಡಿ ಮಾತಾಡುವಾಗ ಕೆಲವು ವಿಷಯ ಬಾಯಿಬಿಟ್ಟು ಕೇಳಿ, ವಾಟ್ಸ್‌ಆಪ್‌ನಲ್ಲಿ ಬರೆಸಿಕೊಳ್ಳಿ. ಡೀಸೆಲ್ ಯಾರದು, ಡ್ರೈವರ್ ಊಟ, ರೂಮು ಯಾರದು, ಲಾಂಗ್ಜಾ, ಕೋಮಿಕ್ ತನಕ ಅದೇ ಗಾಡಿ ಬರುತ್ತದಾ ಇಲ್ಲ ಕಾಜಾದಲ್ಲಿ ಬೇರೆ ಮಾಡಬೇಕಾ, ದಾರಿ ಮುಚ್ಚಿ ಒಂದು ದಿನ ಜಾಸ್ತಿ ಆದರೆ ಎಷ್ಟು. ಮೊದಲ ಸಲ ಒಬ್ಬ ಏಜೆಂಟ್ ಫೋನಿನಲ್ಲಿ "ಸಬ್ ಇನ್‌ಕ್ಲೂಡೆಡ್" ಅಂದಿದ್ದ, ಕೊನೆಗೆ ಪ್ರತಿಯೊಂದಕ್ಕೂ ಬೇರೆ ದುಡ್ಡು ಕೇಳಿದ. ಭಾಷೆಯ ಚಿಂತೆ ಬೇಡ, ನಮ್ಮ ಕಲಬುರಗಿ ಹಿಂದಿ ಅಲ್ಲಿ ಚೆನ್ನಾಗಿ ನಡೆಯುತ್ತದೆ. ಡ್ರೈವರ್‌ಗೆ ನಿಮಗಿಂತ ಮೊದಲು ಊಟ ಹಾಕಿಸಿ, ಬೆಚ್ಚಗಿನ ರೂಮು ಕೊಡಿಸಿ. ಒಂಬತ್ತು ಜನರ ಜೀವ ಅವನ ನಿದ್ದೆ ಮೇಲೆ ನಿಂತಿದೆ. ಕತ್ತಲಾದ ಮೇಲೆ ಓಡಿಸು ಅಂತ ಯಾರೂ ಒತ್ತಾಯ ಮಾಡಬಾರದು.

ಏರುವ ಕ್ರಮ

ನಿಯಮ ಸರಳ ಇದೆ. 3,000 ಮೀಟರ್ ದಾಟಿದ ಮೇಲೆ ಇವತ್ತು ಮಲಗುವ ಜಾಗ ನಿನ್ನೆ ಮಲಗಿದ ಜಾಗಕ್ಕಿಂತ 500 ಮೀಟರ್‌ಗಿಂತ ಜಾಸ್ತಿ ಎತ್ತರ ಇರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಎರಡು ರಾತ್ರಿ ಇರಬೇಕು. ಹಗಲು ಎಷ್ಟು ಮೇಲೆ ಹೋಗಿ ಬಂದರೂ ಅಡ್ಡಿ ಕಡಿಮೆ, ಮಲಗುವ ಎತ್ತರ ಮುಖ್ಯ.

ಅದಕ್ಕೇ ಎರಡನೇ ಸಲ ಸಿಮ್ಲಾ ಕಡೆಯಿಂದ ಹೋದೆವು. ಚಂಡೀಗಢದಿಂದ ಮೊದಲ ದಿನ ಸಿಮ್ಲಾ ದಾಟಿ ನಾರ್ಕಂಡಾ, 2,700 ಮೀಟರ್. ಎರಡನೇ ದಿನ ರಾಂಪುರದ ಮೇಲೆ ಸಾಂಗ್ಲಾ, ಅದೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಮೂರನೇ ದಿನ ಬೆಳಿಗ್ಗೆ 3,450 ಮೀಟರ್‌ನ ಚಿತ್ಕುಲ್ ನೋಡಿಕೊಂಡು ಸಂಜೆ ಕಲ್ಪಾದಲ್ಲಿ ಮಲಗಿದೆವು, 2,960 ಮೀಟರ್. ಕಲ್ಪಾದ ಎದುರಿಗೆ ಕಿನ್ನೌರ್ ಕೈಲಾಸ. ಬೆಳಗಿನ ಐದೂವರೆಗೆ ಕಾಕು ಎಲ್ಲರನ್ನೂ ಎಬ್ಬಿಸಿ ಹೊರಗೆ ನಿಲ್ಲಿಸಿದರು, ಹಿಮದ ತುದಿ ಮೊದಲು ಅರಿಶಿನ ಆಗಿ ಆಮೇಲೆ ಬಿಳಿ ಆಗುವ ತನಕ ಯಾರೂ ಒಳಗೆ ಹೋಗಲಿಲ್ಲ.

ಕಲ್ಪಾದಿಂದ ಕೆಳಗೆ ಪೊವಾರಿಯಲ್ಲಿ ಟ್ಯಾಂಕ್ ತುಂಬಿಸಿ. ಅಲ್ಲಿಂದ ಕಾಜಾ ತನಕ ಸುಮಾರು 200 ಕಿಲೋಮೀಟರ್ ಪಂಪ್ ನಂಬಿಕೊಳ್ಳುವ ಹಾಗಿಲ್ಲ. ಖಾಬ್ ಹತ್ತಿರ ಸ್ಪಿತಿ ನದಿ ಸತ್ಲಜ್‌ಗೆ ಸೇರುತ್ತದೆ, ಅಲ್ಲಿಂದ ಮುಂದೆ ಹಸಿರು ಮುಗಿಯಿತು, ಬರೀ ಕಂದು ಬಣ್ಣದ ಗುಡ್ಡ. ನಾಕೋ 3,600 ಮೀಟರ್ ಮೇಲಿದೆ, ಕೆರೆ ದಂಡೆಯಲ್ಲಿ ಊಟ ಮಾಡಿ ಮುಂದೆ ಹೋಗಿ. ನಾವು ನಾಲ್ಕನೇ ರಾತ್ರಿ ತಾಬೋದಲ್ಲಿ ಮಲಗಿದ್ದು ಅದು ನಾಕೋಗಿಂತ ಕೆಳಗಿದೆ ಅನ್ನುವ ಕಾರಣಕ್ಕೆ. ತಾಬೋ ಮಠ ಕ್ರಿ.ಶ. 996ರಲ್ಲಿ ಕಟ್ಟಿದ್ದು. ನಮ್ಮ ಕಡೆ ಕಲ್ಯಾಣ ಚಾಲುಕ್ಯರ ರಾಜ್ಯ ಶುರುವಾಗಿ ಇನ್ನೂ ಹೆಚ್ಚು ವರ್ಷ ಆಗಿರದ ಕಾಲ ಅದು. ಹೊರಗಿನಿಂದ ಮಣ್ಣಿನ ಮನೆ ಹಾಗೆ ಕಾಣುತ್ತದೆ, ಒಳಗೆ ಗೋಡೆ ತುಂಬ ಚಿತ್ರ. ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲ, ಕಣ್ಣಿಂದ ನೋಡಿ.

ಐದನೇ ದಿನ ಧನ್ಕರ್ ನೋಡಿಕೊಂಡು ಕಾಜಾ. ಅಲ್ಲಿ ಮೂರು ರಾತ್ರಿ. ಆರನೇ ದಿನ ಕೀ ಮಠ, ಕಿಬ್ಬರ್ ಅಷ್ಟೇ, ಉಳಿದ ಹೊತ್ತು ಬಿಸಿಲಿಗೆ ಕೂತು ಮಾತು. ಏಳನೇ ದಿನ ಲಾಂಗ್ಜಾ, ಹಿಕ್ಕಿಂ, ಕೋಮಿಕ್ ಹಗಲು ನೋಡಿ ಕಾಜಾಕ್ಕೆ ಇಳಿದೆವು. ರಾತ್ರಿ ವೈನಿ ಎಲ್ಲರನ್ನೂ ಕೇಳಿದರು, ಎಲ್ಲರೂ ಸರಿ ಇದ್ದರು. ಕಾಜಾದಿಂದ ಕೋಮಿಕ್ 900 ಮೀಟರ್ ಹತ್ತಿರ ಮೇಲೆ, ಆ 500 ಮೀಟರ್ ನಿಯಮ ಇಲ್ಲಿ ಮುರಿಯುತ್ತದೆ. ಅದಕ್ಕೇ ಕಾಜಾದಲ್ಲಿ ಮೂರು ರಾತ್ರಿ ಕಳೆದ ಮೇಲೆಯೇ ಎಂಟನೇ ದಿನ ಮಲಗಲು ಕೋಮಿಕ್‌ಗೆ ಹೋದೆವು. ಕಾಕಾ, ಕಾಕು ಕಾಜಾದಲ್ಲೇ ಉಳಿಯುತ್ತೇವೆ ಅಂದರು. ಅವರ ಜೊತೆ ಭಾವ ಉಳಿದರು, ನಾವು ಬೇಡ ಅಂದರೂ. ಈ ಸಲ ಅವರಿಗೆ ತಲೆನೋವು ಬಂದೇ ಇರಲಿಲ್ಲ.

ಏರುವ ದಿನಗಳಲ್ಲಿ ದಾರು ಬೇಡ, ನಿದ್ದೆ ಮಾತ್ರೆ ಬೇಡ, ಎರಡೂ ರಾತ್ರಿ ಉಸಿರಾಟವನ್ನು ಕುಗ್ಗಿಸುತ್ತವೆ. ನೀರು ಕುಡಿಯುತ್ತಿರಿ. ಬಂದ ದಿನ ಮೆಟ್ಟಿಲು ಓಡಿ ಹತ್ತಬೇಡಿ, ತಲೆಗೆ ಸ್ನಾನ ಬೇಡ. ಕುಂಜುಮ್ ಕಡೆಯಿಂದ ವಾಪಸ್ ಬರುವುದಿದ್ದರೆ ಬೆಳಿಗ್ಗೆ ಬೇಗ ಹೊರಡಿ. ಹಗಲು ಬಿಸಿಲಿಗೆ ಹಿಮ ಕರಗಿ ಮಧ್ಯಾಹ್ನದ ಮೇಲೆ ದಾರಿ ಮೇಲಿನ ನಾಲಾಗಳು ಉಕ್ಕುತ್ತವೆ. ಬೆಳಿಗ್ಗೆ ಮೊಣಕಾಲು ಮುಳುಗದ ನೀರು ಸಂಜೆಗೆ ಗಾಡಿ ನಿಲ್ಲಿಸುತ್ತದೆ.

ಬುತ್ತಿ, ಬಟ್ಟೆ, ದುಡ್ಡು

ಖಡಕ್ ರೊಟ್ಟಿಗಿಂತ ಒಳ್ಳೆಯ ಬುತ್ತಿ ಆ ದಾರಿಗೆ ಇಲ್ಲ. ಕೆಡುವುದಿಲ್ಲ, ಹಗುರ. ಎರಡು ಸ್ಟೀಲ್ ಡಬ್ಬಿ ತುಂಬ ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಪುಡಿ, ಜೊತೆಗೆ ಶೇಂಗಾ ಹೋಳಿಗೆ ಒಯ್ದಿದ್ದೆವು. ಎತ್ತರದಲ್ಲಿ ಹಸಿವು ಸಾಯುತ್ತದೆ, ಮ್ಯಾಗಿ, ಬೇಳೆ, ಅನ್ನ ಅಂದರೆ ಮುಖ ತಿರುಗಿಸುವವರು ಹಿಂಡಿ ಕಂಡರೆ ಒಂದು ರೊಟ್ಟಿ ತಿನ್ನುತ್ತಾರೆ. ಕರಿದದ್ದು ಬೇಡ. ಊರ ತೊಗರಿ ಬೇಳೆ ಒಯ್ದು ಅಲ್ಲಿ ಸಾರು ಮಾಡೋಣ ಅನ್ನುವವರಿಗೆ ಒಂದು ಮಾತು. ಕೋಮಿಕ್ ಎತ್ತರದಲ್ಲಿ ನೀರು 85 ಡಿಗ್ರಿ ಸುಮಾರಿಗೇ ಕುದಿಯುತ್ತದೆ. ಬರೀ ಪಾತ್ರೆಯಲ್ಲಿ ಇಟ್ಟರೆ ತಾಸುಗಟ್ಟಲೆ ಕುದಿದರೂ ಬೇಳೆ ಬೇಯುವುದಿಲ್ಲ. ಕುಕ್ಕರ್ ಬೇಕೇ ಬೇಕು, ಅದೂ ಇಲ್ಲಿಗಿಂತ ಜಾಸ್ತಿ ಸೀಟಿ.

"ನಮಗೆ ಬಿಸಿಲು ಹೊಸದಾ?" ಅಂತ ಸನ್‌ಸ್ಕ್ರೀನ್ ಬಿಟ್ಟು ಹೋಗಬೇಡಿ. ನಮ್ಮ ಬಿಸಿಲು ಸೆಕೆಯಿಂದ ಎಚ್ಚರಿಸುತ್ತದೆ, ಅಲ್ಲಿ ಚಳಿಗಾಳಿಯಲ್ಲಿ ಗೊತ್ತೇ ಆಗದೆ ಚರ್ಮ ಸುಡುತ್ತದೆ. ತಮ್ಮನ ಮೂಗಿನ ಮೇಲಿನ ಚರ್ಮ ಮೂರನೇ ದಿನ ಈರುಳ್ಳಿ ಸಿಪ್ಪೆ ಹಾಗೆ ಎದ್ದಿತು. ಕಪ್ಪು ಕನ್ನಡಕ, ಟೊಪ್ಪಿಗೆ, ತುಟಿಗೆ ವ್ಯಾಸಲೀನ್ ಎಲ್ಲರ ಹತ್ತಿರ ಇರಲಿ. ಬಟ್ಟೆ ಒಂದೇ ದಪ್ಪ ಜಾಕೆಟ್ ಬದಲು ಪದರ ಪದರ ಹಾಕಿ, ಒಳಗೆ ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಕಾಲುಚೀಲ ಎರಡು ಜೊತೆ ಜಾಸ್ತಿ ಒಯ್ಯಿರಿ.

ದುಡ್ಡು ನಗದಾಗಿ ಇಟ್ಟುಕೊಳ್ಳಿ. ಕಾಜಾದಲ್ಲಿ ಎಟಿಎಂ ಇದೆ, ಅದರಲ್ಲಿ ದುಡ್ಡು ಇರುತ್ತದೆ ಅಂತ ನಂಬಬೇಡಿ. ನೆಟ್‌ವರ್ಕ್ ಹೋದರೆ ಫೋನ್‌ಪೇ ಕೂಡ ಇಲ್ಲ. ಎಲ್ಲರೂ ಸಮ ಸಮ ದುಡ್ಡು ಒಬ್ಬರ ಕೈಗೆ ಕೊಟ್ಟು, ದಿನಾ ರಾತ್ರಿ ಅವರು ಲೆಕ್ಕ ಓದಿ ಹೇಳಲಿ, ಜಗಳಕ್ಕೆ ಜಾಗವೇ ಇರುವುದಿಲ್ಲ. ಲಡಾಖ್‌ನಂತೆ ಇಲ್ಲಿ ನಮ್ಮ ಪ್ರೀಪೇಯ್ಡ್ ಸಿಮ್ ಬಂದ್ ಆಗುವುದಿಲ್ಲ, ಆದರೆ ಮೇಲಿನ ಊರುಗಳಲ್ಲಿ ಸಿಗ್ನಲ್ ಸಿಗದೇ ಇರಬಹುದು. ಮನೆಯವರಿಗೆ ಮೊದಲೇ ಹೇಳಿ, ಎರಡು ದಿನ ಫೋನ್ ಬರದಿದ್ದರೆ ಗಾಬರಿ ಆಗಬೇಡಿ ಅಂತ. ಭಾರತೀಯರಿಗೆ ಈ ದಾರಿಗೆ ಪರ್ಮಿಟ್ ಬೇಡ, ಆಧಾರ್ ಇದ್ದರೆ ಸಾಕು.

ಮೇಲಿನ ಊರಲ್ಲಿ

ಕೋಮಿಕ್‌ನಲ್ಲಿ ಕೆಲವೇ ಮನೆ, ಒಂದು ಗೊಂಪಾ, ಅಂದರೆ ಬೌದ್ಧ ಮಠ. ಮನೆ ನಡುವೆ ತಗಡಿನ ಒಲೆ, ಅದಕ್ಕೆ ಉರುವಲು ಕುಳ್ಳು. ನಮ್ಮ ಅವ್ವನ ತವರಿನ ಅಡುಗೆಮನೆ ವಾಸನೆ ಬಂತು ಅಂತ ಅಕ್ಕ ಒಳಗೆ ಕಾಲಿಟ್ಟ ತಕ್ಷಣ ಅಂದಳು. ನಾವು ಇಳಿದ ಮನೆಯ ಅಜ್ಜಿಗೆ ಖಡಕ್ ರೊಟ್ಟಿ ಕೊಟ್ಟೆವು. ಅಜ್ಜಿ ಅದನ್ನು ಬೆರಳಿಂದ ತಟ್ಟಿ ಸದ್ದು ಕೇಳಿದರು, ಮುರಿದು ಮೂಸಿದರು, ಹಿಂಡಿ ಹಚ್ಚಿ ಬಾಯಿಗೆ ಹಾಕಿಕೊಂಡರು, ಖಾರಕ್ಕೆ ಕಣ್ಣು ಮುಚ್ಚಿ ನಕ್ಕರು. ಆಮೇಲೆ ಎದ್ದು ಹೋಗಿ ಒಂದು ಬಟ್ಟಲಲ್ಲಿ ಹುರಿದ ಬಾರ್ಲಿ ಹಿಟ್ಟು ತಂದು, ಉಪ್ಪು ಬೆಣ್ಣೆ ಚಹಾ ಹಾಕಿ ಬೆರಳಿಂದ ಕಲಸಿ ಉಂಡೆ ಮಾಡಿ ಅಕ್ಕನ ಕೈಗಿಟ್ಟರು. ನಿಮ್ಮ ಊರಿಂದ ಏನಾದರೂ ತಿನ್ನುವುದನ್ನು ಒಯ್ಯಿರಿ, ಮಾತು ತಾನೇ ಶುರುವಾಗುತ್ತದೆ.

ನೀರು ಅಲ್ಲಿ ಬಹಳ ಕಡಿಮೆ. ಬೇಸಿಗೆಯಲ್ಲಿ ಟ್ಯಾಂಕರ್ ಕಾದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಸಿನೀರು, ಬಕೆಟ್ ಅಂತ ಕೇಳಬೇಡಿ, ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡರೆ ಆಯಿತು. ಪಾಯಖಾನೆ ಒಣ ಪಾಯಖಾನೆ. ನೆಲದಲ್ಲಿ ಒಂದು ಕಿಂಡಿ, ಪಕ್ಕದಲ್ಲಿ ಮಣ್ಣು ಮತ್ತು ಸಲಿಕೆ. ಮುಗಿದ ಮೇಲೆ ಮಣ್ಣು ತಳ್ಳಬೇಕು, ನೀರು ಸುರಿಯಬಾರದು, ಪ್ಲಾಸ್ಟಿಕ್, ಪ್ಯಾಡ್ ಏನೂ ಹಾಕಬಾರದು. ಕೆಳಗೆ ಸೇರಿದ್ದು ಗೊಬ್ಬರ ಆಗಿ ಅವರ ಬಟಾಣಿ, ಬಾರ್ಲಿ ಹೊಲಕ್ಕೆ ಹೋಗುತ್ತದೆ. ಮಕ್ಕಳಿಗೆ ಇದನ್ನು ಊರಲ್ಲೇ ತಿಳಿಸಿ ಹೇಳಿ. ಚಿಪ್ಸ್ ಪಾಕೀಟು, ನೀರಿನ ಬಾಟಲಿ ಎಲ್ಲಾ ಒಂದು ಚೀಲದಲ್ಲಿ ಕಟ್ಟಿ ಕೆಳಗೆ ತನ್ನಿ, ಅಲ್ಲಿ ಕಸದ ಗಾಡಿ ಬರುವುದಿಲ್ಲ.

ಯಾರಾದರೂ ಎದುರು ಬಂದರೆ "ಜೂಲೆ" ಅನ್ನಿ, ನಮ್ಮ ನಮಸ್ಕಾರ ಅದು. ಮಂತ್ರ ಕೆತ್ತಿದ ಕಲ್ಲಿನ ಗೋಡೆಗಳನ್ನು ಬಲಕ್ಕೆ ಇಟ್ಟುಕೊಂಡು ದಾಟಿ, ಅವುಗಳ ಮೇಲೆ ಕೂರಬೇಡಿ. ಲಾಂಗ್ಜಾದಲ್ಲಿ ಮಕ್ಕಳು ಸುರುಳಿ ಗುರುತಿನ ಕಲ್ಲು ಮಾರಲು ಬರುತ್ತಾರೆ. ಅವು ಸಮುದ್ರದ ಜೀವಿಗಳ ಪಳೆಯುಳಿಕೆ, ಕೋಟಿಗಟ್ಟಲೆ ವರ್ಷದ ಹಿಂದೆ ಅಲ್ಲಿ ಟೆಥಿಸ್ ಅನ್ನುವ ಸಮುದ್ರ ಇತ್ತು. ಕೈಯಲ್ಲಿ ಹಿಡಿದು ನೋಡಿ, ತಿರುಗಿಸಿ ಕೊಡಿ. ಕೊಂಡರೆ ನಾಳೆ ಇನ್ನೂ ನಾಲ್ಕು ಅಗೆಯುತ್ತಾರೆ.

ಹಿಕ್ಕಿಂನಲ್ಲಿ 4,400 ಮೀಟರ್ ಎತ್ತರದಲ್ಲಿ ಅಂಚೆ ಕಚೇರಿ ಇದೆ, 1983ರಿಂದ ನಡೆಯುತ್ತಿದೆ. ಅಲ್ಲಿಂದ ಮನೆಗೆ ಕಾರ್ಡು ಹಾಕಿ. ವಿಷಯ ಕನ್ನಡದಲ್ಲಿ ಬರೆಯಿರಿ, ವಿಳಾಸ ಇಂಗ್ಲಿಷ್‌ನಲ್ಲಿ, ಪಿನ್‌ಕೋಡ್ ದಪ್ಪಗೆ. ಚಳಿಗೆ ಬಾಲ್‌ಪೆನ್ ಮೂಡುವುದಿಲ್ಲ, ಒಳಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಂಡಿರಿ. ನಾವು ಅವ್ವನಿಗೆ ಬರೆದ ಕಾರ್ಡು ನಾವು ಊರಿಗೆ ಬಂದು ಎಷ್ಟೋ ದಿನದ ಮೇಲೆ ಬಂತು, ಅವ್ವ ಅದನ್ನು ದೇವರ ಜಗುಲಿ ಮೇಲೆ ಇಟ್ಟಿದ್ದಾಳೆ.

ವಾಪಸ್ ಟಿಕೆಟ್ ಮಾಡುವಾಗ ಒಂದು ದಿನ ಖಾಲಿ ಬಿಟ್ಟು ಮಾಡಿ, ಆಗುವುದಾದರೆ ಎರಡು ದಿನ ಬಿಡಿ. ನಾವು ಕಿನ್ನೌರ್ ಕಡೆಯಿಂದಲೇ ಇಳಿದೆವು. ರೆಕಾಂಗ್ ಪಿಯೋ ಹತ್ತಿರ ಬರುವಾಗ ಮುಂದೆ ಗುಡ್ಡ ಕುಸಿದು ದಾರಿ ಬಂದ್. ಜೆಸಿಬಿ ಬಂದು ತೆಗೆಯುವಷ್ಟರಲ್ಲಿ ರಾತ್ರಿ ಆಯಿತು. ದಿಲ್ಲಿಯಿಂದ ನಮ್ಮ ರೈಲಿಗೆ ಇನ್ನೂ ಮೂರು ದಿನ ಇತ್ತು. ಅದಕ್ಕೇ ಯಾರೂ ಡ್ರೈವರ್‌ಗೆ ಅವಸರ ಮಾಡಲಿಲ್ಲ. ಪಿಯೋದಲ್ಲೇ ಎರಡು ರೂಮು ಹಿಡಿದು, ಡಬ್ಬಿಯ ತಳದಲ್ಲಿ ಉಳಿದಿದ್ದ ರೊಟ್ಟಿ ಚೂರು ಮೊಸರಲ್ಲಿ ನೆನೆಸಿ ತಿಂದು ಮಲಗಿದೆವು.